ರೂಪಾಯಿ ಪಕ್ಕ ಬ್ರೆಜಿಲ್‌ನ ರಿಯಾಲ್ ಕೂರಿಸಿದೆ

ರೂಪಾಯಿ ಬಿದ್ದರೆ ರಫ್ತಿನ ಡಾಲರ್‌ಗೆ ಹೆಚ್ಚು ರೂಪಾಯಿ ಸಿಕ್ಕಿ ಕಾಫಿ ಬೆಳೆಗಾರನಿಗೆ ಲಾಭ ಅಂತ ವರ್ಷಗಟ್ಟಲೆ ನಾನೂ ಪಾಠ ಮಾಡಿದವನೇ. 1991ರ ಜುಲೈನಲ್ಲಿ ಎರಡು ದಿನದ ಅಂತರದಲ್ಲಿ ಎರಡು ಸಲ ಅಪಮೌಲ್ಯ ಆಗಿ ಡಾಲರ್ 21ರಿಂದ 26ರ ಹತ್ತಿರ ಹೋಯಿತಲ್ಲ, ಅದೇ ಉದಾಹರಣೆ ಕೊಡುತ್ತಿದ್ದೆ.

2015ರಲ್ಲಿ ಮೂಡಿಗೆರೆಯಿಂದ ಹೆಂಡತಿಯ ತಮ್ಮ ಫೋನ್ ಮಾಡಿದ. "ಡಾಲರ್ 66 ಆಯ್ತು ಅಂತೀರಲ್ಲ ಭಾವ, ಪಾರ್ಚ್‌ಮೆಂಟ್ ಚೀಲದ ರೇಟು ಯಾಕೆ ಇಳೀತು?" ಪಾರ್ಚ್‌ಮೆಂಟ್ ಅಂದರೆ ತೊಳೆದು ಒಣಗಿಸಿದ, ಒಳಸಿಪ್ಪೆ ತೆಗೆಯದ ಕಾಫಿ ಬೀಜ. ನನ್ನಲ್ಲಿ ಉತ್ತರ ಇರಲಿಲ್ಲ.

ಉತ್ತರ ಹುಡುಕಲು ಮೊದಲು ಕಾಫಿ ಬೆಲೆ, ಡಾಲರ್ ದರದ ವಾರ್ಷಿಕ ಅಂಕಿಅಂಶ ಹಾಕಿದೆ, ಏನೂ ಸಿಗಲಿಲ್ಲ. ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು ಅಲ್ವಾ, ಯೂರೋ ದರ ಹಾಕಿದೆ. ಆರು ತಿಂಗಳು ದಂಡ. ಬಿಲ್ಲು ಆಗೋದು ಡಾಲರ್‌ನಲ್ಲಿ, ಯೂರೋಗೆ ಅಲ್ಲೇನು ಕೆಲಸ? ಆಮೇಲೆ ತಿಂಗಳ ರೇಟುಗಳಿಗೆ ಇಳಿದೆ. ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ತಾನೇ ಮಾರುತ್ತಿದ್ದ ಕಾಫಿ ಬೋರ್ಡಿನ ಪೂಲ್ ಪದ್ಧತಿ ಪೂರ್ತಿ ಹೋಗಿದ್ದು 1996ರಲ್ಲಿ, ಅದಕ್ಕೂ ಹಿಂದಿನದೆಲ್ಲ ಬಿಸಾಕಬೇಕಾಯಿತು. ಅದನ್ನು ಟೈಪ್ ಮಾಡಿಸಲು ಸುಮಾರು 18 ಸಾವಿರ ಕೈಯಿಂದ ಕೊಟ್ಟಿದ್ದೆ! ಅನುದಾನ ಕೇಳಿದರೆ "ಇದರಲ್ಲಿ ಹೊಸದೇನಿದೆ?" ಅಂದರು.

ಹೊಸದು ಇದ್ದದ್ದು ಅತಿ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್‌ನಲ್ಲಿ. 2015ರಲ್ಲಿ ಅವರ ರಿಯಾಲ್ ನಮ್ಮ ರೂಪಾಯಿಗಿಂತ ಜೋರಾಗಿ ಬಿತ್ತು, ಡಾಲರ್‌ಗೆ 4 ದಾಟಿತು. ಆಗ ಅಲ್ಲಿನ ರೈತ ಡಾಲರ್ ಬೆಲೆ ಇಳಿದರೂ ಗೋದಾಮು ಖಾಲಿ ಮಾಡುತ್ತಾನೆ, ಅವನ ಕೈಗೆ ರಿಯಾಲ್ ಜಾಸ್ತಿಯೇ ಬರುತ್ತದೆ. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿಯ ಬೆಲೆ ಕುಸಿಯುತ್ತದೆ, ನಮ್ಮ ರೇಟೂ ಅದರ ಹಿಂದೆಯೇ. ರೂಪಾಯಿ ಬಿದ್ದು ನಮಗೆ ಸಿಕ್ಕಿದ್ದು ಅಲ್ಲೇ ಸೋರಿಹೋಗುತ್ತದೆ. ರಿಯಾಲ್ ಸೇರಿಸಿ ರಿಗ್ರೆಶನ್ (ಯಾವುದು ಬದಲಾದರೆ ಬೆಲೆ ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ) ಓಡಿಸಿದ ರಾತ್ರಿ ಎರಡು ಗಂಟೆಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಬೈದಳು.

ಲೇಖನ ಬರೆದೆ. ಮೂರು ಜರ್ನಲ್ ವಾಪಸ್ ಕಳಿಸಿದವು, ನಾಲ್ಕನೆಯದು ತೆಗೆದುಕೊಂಡಿತು. "ಸುಮ್ನೆ ಕಾಕತಾಳೀಯ ಸಾರ್" ಅಂದಿದ್ದ ಸಹೋದ್ಯೋಗಿಯೇ ಈಗ ಇದೇ ವಿಷಯವನ್ನು ತನ್ನ ವಿದ್ಯಾರ್ಥಿಗೆ ಕೊಟ್ಟಿದ್ದಾರೆ. ಲ್ಯಾಗ್ (ರಿಯಾಲ್ ಬಿದ್ದ ಮೇಲೆ ಬೆಲೆಗೆ ತಟ್ಟುವವರೆಗಿನ ಅಂತರ) ಎಷ್ಟು ತಿಂಗಳು ಇಟ್ಟೆ, 2021ರ ಜುಲೈನಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟ ತಿಂಗಳುಗಳನ್ನು ಹೇಗೆ ನಿಭಾಯಿಸಿದೆ, ಅದು ಮಾತ್ರ ಹೇಳಲ್ಲ. ನೀವೂ ಸ್ವಲ್ಪ ನಿದ್ದೆ ಕೆಡಿ.

ಕಾಫಿಯ ಇನ್ನೊಂದು ತಳಿ ರೊಬಸ್ಟಾಕ್ಕೆ ಇದು ಸರಿಯಾಗಿ ಕೂರಲಿಲ್ಲ. ಅಲ್ಲಿ ವಿಯೆಟ್ನಾಂ ದೊಡ್ಡಣ್ಣ, ಅವರ ನಾಣ್ಯ ಡಾಂಗ್ ಡಾಲರ್‌ನ ಬೆನ್ನು ಬಿಡೋದೇ ಇಲ್ಲ. ಈ ನಡುವೆ ಮಂಗಳೂರಿನ ಗೇರುಬೀಜಕ್ಕೂ ಕೈ ಹಾಕಿದ್ದೇನೆ. ಕಚ್ಚಾ ಬೀಜ ಆಫ್ರಿಕಾದಿಂದ ಡಾಲರ್‌ನಲ್ಲೇ ಬರುತ್ತದೆ, ತಿರುಳು ಡಾಲರ್‌ನಲ್ಲೇ ಹೋಗುತ್ತದೆ. ರೂಪಾಯಿ ಬಿದ್ದರೆ ಕಾರ್ಖಾನೆಯವರಿಗೆ ಉಳಿಯೋದು ಬಹುಪಾಲು ಕೂಲಿಯ ಲೆಕ್ಕದಲ್ಲಿ ಅಂತ ನನ್ನ ಅನುಮಾನ. ಕೂಲಿ ಪುಸ್ತಕ ತೋರಿಸಿ ಅಂದರೆ ಮಾತ್ರ ಎಲ್ಲರೂ ಟೀ ಕೊಟ್ಟು ಕಳಿಸುತ್ತಾರೆ.