ತಪ್ಪು ರೈಫಲ್‌ದಾ, ನಂದಾ?

ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ನನ್ನ ಸ್ಕೋರ್ ಕಳೆದ ಮಳೆಗಾಲದಿಂದ ಮೆಲ್ಲಗೆ ಇಳಿಯುತ್ತಾ ಬಂತು. ಧಡ್ ಅಂತ ಬಿದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. 618ರ ಆಸುಪಾಸು ಇದ್ದದ್ದು 615 ಆಯಿತು, ಆಮೇಲೆ 612. 60 ಗುಂಡಿಗೆ 6 ಪಾಯಿಂಟ್ ಹೋಯಿತು ಅಂದರೆ ಗುಂಡಿಗೆ ಬರೀ 0.1. ಟಾರ್ಗೆಟ್ ಮೇಲೆ ಅದು ಕಾಲು ಮಿಲಿಮೀಟರ್. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಕಾರಣ ಎಲ್ಲಿ ಅಂತ ಹುಡುಕೋದು?

ಬನಶಂಕರಿ ಕಡೆ ನಾನು ಹೋಗುವ ರೇಂಜಿನಲ್ಲಿ ತಲೆಗೊಂದು ಸಲಹೆ ಬಂತು. ಪೆಲೆಟ್ (ಏರ್ ರೈಫಲ್ ಗುಂಡು) ಬದಲಾಯಿಸಿ ಅಂದರು ಒಬ್ಬರು. ಬ್ಯಾರೆಲ್ ಕ್ಲೀನ್ ಮಾಡಿ ಅಂದರು ಇನ್ನೊಬ್ಬರು. ಜೂನಿಯರ್ ಹುಡುಗಿಯೊಬ್ಬಳು "ಅಕ್ಕಾ, ಕಣ್ಣು ಚೆಕ್ ಮಾಡಿಸ್ಕೊಳ್ಳಿ" ಅಂದಳು. ಕೋಚ್ ಮಾತ್ರ, "ಎಲ್ಲ ಒಟ್ಟಿಗೆ ಬದಲಾಯಿಸಬೇಡಿ ಮೇಡಂ. ಸರಿಹೋದ್ರೂ ಯಾವುದ್ರಿಂದ ಅಂತ ಗೊತ್ತಾಗಲ್ಲ" ಅಂದರು. ಅದು ನನಗೆ ಸರಿ ಅನಿಸಿತು.

ಸುಲಭದ್ದೆಲ್ಲ ಮೊದಲು ಮುಗಿಸಿದೆ. ಹೆಗಲಿಗೆ ಆನಿಸುವ ಸ್ಟಾಕಿಗೆ ಗುಂಡು ಹಾರಿಸುವ ಭಾಗವಾದ ಆ್ಯಕ್ಷನ್ ಹಿಡಿದಿರುವ ಸ್ಕ್ರೂಗಳನ್ನು ಟಾರ್ಕ್ ರೆಂಚ್‌ನಲ್ಲಿ ನೋಡಿದೆ, ಸರಿಯಿದ್ದವು. ಗುರಿ ನೋಡುವ ಮುಂದಿನ ಸೈಟ್, ಹಿಂದಿನ ಸಣ್ಣ ತೂತಿನ ಸೈಟ್ ಆದ ಡಯಾಪ್ಟರ್ ಎರಡೂ ಅಲುಗಾಡುತ್ತಿರಲಿಲ್ಲ. ಬ್ಯಾರೆಲ್‌ಗೆ ಒಳಗೆ ಒರೆಸುವ ಫೆಲ್ಟ್ ತುಂಡು ಹಾಕಿ ತೆಗೆದೆ. ಪೆಲೆಟ್ ನಾನು ಮೊದಲಿಂದ ಹೊಡೆಯುವ 4.50 ಮಿಮೀ ತಲೆಯದೇ, ಅದೇ ಬ್ಯಾಚಿನದೇ. ಹೋಲಿಸಿ ನೋಡೋಣ ಅಂತ 4.49 ಹೊಡೆದೆ. ಏನೂ ವ್ಯತ್ಯಾಸವಿಲ್ಲ.

ಆಮೇಲೆ ನನ್ನನ್ನೇ ಲೆಕ್ಕದಿಂದ ತೆಗೆಯಬೇಕಿತ್ತು. ರೈಫಲನ್ನು ಕ್ಲಾಂಪಿಗೆ ಬಿಗಿದು ಐದು ಗುಂಡು ಹೊಡೆದೆವು. ಒಂದೇ ತೂತು, 6 ಮಿಮೀ ಒಳಗೆ. ಪೆಲೆಟ್ಟೇ 4.5 ಮಿಮೀ ದಪ್ಪ ಇರುವಾಗ ಇದಕ್ಕಿಂತ ಇನ್ನೇನು ಬೇಕು? "ರೈಫಲ್ ಚೆನ್ನಾಗಿದೆ, ನೀವೇ ಸ್ವಲ್ಪ ಯೋಗ ಮಾಡಿ" ಅಂತ ತೀರ್ಪೂ ಬಂತು. ಯೋಗ ಮಾಡೋಕೆ ನನ್ನ ಅಭ್ಯಂತರವೇನಿಲ್ಲ. ಆದರೆ ಒಪ್ಪಿಕೊಳ್ಳುವ ಮುಂಚೆ ಹಳೇ ಸ್ಕೋರುಗಳನ್ನು ಮುಂದಿಟ್ಟುಕೊಂಡು ಕೂತೆ.

ಎಲೆಕ್ಟ್ರಾನಿಕ್ ಟಾರ್ಗೆಟ್ಟಿನ ಒಂದು ಉಪಕಾರ ಅಂದರೆ ಪ್ರತಿ ಗುಂಡಿನ ಜಾಗ, ಹೊಡೆದ ಹೊತ್ತು ಎರಡೂ ದಾಖಲಾಗಿರುತ್ತವೆ. ನನ್ನ ಕೆಟ್ಟ ಗುಂಡುಗಳು ಎಲ್ಲೆಂದರಲ್ಲಿ ಬಿದ್ದಿರಲಿಲ್ಲ. ಹೆಚ್ಚಿನವು ನೇರ ಮೇಲಕ್ಕೆ, 12 ಗಂಟೆ ದಿಕ್ಕಿಗೆ. ಹೊತ್ತು ನೋಡಿದರೆ ಇನ್ನೂ ಸ್ಪಷ್ಟ. ನೀರು ಕುಡಿಯಲೋ, ಕಣ್ಣಿಗೆ ವಿಶ್ರಾಂತಿ ಕೊಡಲೋ ನಿಂತಿದ್ದೆನಲ್ಲ, ಅದರ ನಂತರದ ಮೊದಲ ಗುಂಡುಗಳೇ ಅವು. ಅದರ ಹಿಂದೆಯೇ ಕೆಳಗೆ ಬಿದ್ದವೂ ಇದ್ದವು. ಅದಕ್ಕೆ ಕಾರಣ ಬೇರೆ: ಮೇಲೆ ಬಿತ್ತು ಅಂತ ಸೈಟ್ ಎರಡು ಕ್ಲಿಕ್ ಇಳಿಸಿದರೆ, ಮುಂದಿನ ಸರಿಯಾದ ಗುಂಡು ಕೆಳಗೇ ಹೋಗಬೇಕು ಅಲ್ವಾ.

ಕ್ಲಾಂಪಿನಲ್ಲಿ ನಾವು ಟಪಟಪ ಅಂತ ಹೊಡೆದಿದ್ದೆವು. ಸ್ಪರ್ಧೆಯಲ್ಲಿ ಹಾಗೆ ಯಾರೂ ಹೊಡೆಯಲ್ಲ. 60 ಗುಂಡಿಗೆ 1 ಗಂಟೆ 15 ನಿಮಿಷ ಇರುತ್ತದೆ. ಹಾಗಾಗಿ ಮತ್ತೆ ಕ್ಲಾಂಪಿಗೆ ಹಾಕಿ, ಈ ಸಲ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು, ನಡುವೆ ಬೇಕಂತಲೇ ಕಾದು ಹೊಡೆದೆವು. ಒಂದರ ಹಿಂದೊಂದು ಹೊಡೆದಾಗ ಸೆಕೆಂಡಿಗೆ 172 ಮೀಟರ್. ಕಾದು ಹೊಡೆದದ್ದು 178. ಮತ್ತೆ 172. ಗುಂಡು ಬೇಗ ತಲುಪಿದಷ್ಟೂ ಗುರುತ್ವ ಅದನ್ನು ಕಡಿಮೆ ಎಳೆಯುತ್ತದೆ. ಬರೀ ಅದರ ಲೆಕ್ಕ ಹಾಕಿದರೂ ಈ 6 ಮೀಟರ್ ವ್ಯತ್ಯಾಸಕ್ಕೆ ಗುಂಡು ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಮೇಲೆ ಬೀಳುತ್ತದೆ. 10.6 ಆಗಬೇಕಿದ್ದದ್ದು 10.2 ಆಗೋಕೆ ಅಷ್ಟು ಸಾಕು.

ಇದು ರೆಗ್ಯುಲೇಟರ್ ಕೆಲಸ. ಸಿಲಿಂಡರಿನಲ್ಲಿ 200 ಬಾರ್ ಗಾಳಿ ಇರುತ್ತದೆ. ರೆಗ್ಯುಲೇಟರ್ ಅದನ್ನು ಇಳಿಸಿ, ಪ್ರತಿ ಗುಂಡಿಗೂ ಒಂದೇ ಒತ್ತಡ ಕೊಡಬೇಕು. ಒಳಗೆ ಗಾಳಿ ತಡೆಯುವ ಸೀಟ್ ಕೆಟ್ಟರೆ ವಾಷರ್ ಸವೆದ ನಲ್ಲಿ ತೊಟ್ಟಿಕ್ಕಿದ ಹಾಗೆ ಗಾಳಿ ನುಸುಳುತ್ತಲೇ ಇರುತ್ತದೆ. ಬೇಗ ಹೊಡೆದರೆ ಗೊತ್ತಾಗಲ್ಲ. ಕಾದಷ್ಟೂ ಒತ್ತಡ ಏರುತ್ತದೆ.

ಎಸ್‌ಪಿ ರೋಡಿನಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಓ-ರಿಂಗ್ ಸಿಗುತ್ತೆ, ಮನೇಲೇ ಬಿಚ್ಚಿ ಹಾಕೋಣ ಅಂದವರೂ ಇದ್ದರು. ಬೇಡವೇ ಬೇಡ. 200 ಬಾರ್ ಅಂದರೆ ಕಾರಿನ ಟೈರಿನ ಒತ್ತಡದ ಸುಮಾರು ನೂರು ಪಟ್ಟು. ಸಿಲಿಂಡರ್ ಬಿಚ್ಚಿಟ್ಟುಕೊಂಡು ರೈಫಲನ್ನು ಟೆಕ್ನಿಷಿಯನ್ ಹತ್ತಿರ ಬಿಟ್ಟು ಬಂದೆ. ತೆಗೆದ ಹಳೇ ಸೀಟನ್ನು ಅವರು ಅಂಗೈ ಮೇಲಿಟ್ಟು ತೋರಿಸಿದರು. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಬಿಳಿ ಪ್ಲಾಸ್ಟಿಕ್ ಚೂರು. ಮೇಲೊಂದು ಗೀರು, ಕಣ್ಣಿಗಿಂತ ಉಗುರಿಗೇ ಚೆನ್ನಾಗಿ ಗೊತ್ತಾಗುತ್ತಿತ್ತು. ತುಂಬಿಸಿದ ಗಾಳಿಯ ಜೊತೆ ಬಂದ ಕಸ ಇರಬೇಕು ಅಂದರು. ಈಗ ಗಾಳಿ ತುಂಬಿಸುವ ಮುಂಚೆ ಕಂಪ್ರೆಸರಿನ ಫಿಲ್ಟರ್ ಯಾವಾಗ ಬದಲಾಯಿಸಿದ್ದು ಅಂತ ಕೇಳ್ತೀನಿ. ಕೆಲವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಈಗ ಕಾದರೂ ಕಾಯದಿದ್ದರೂ ವೇಗ 171ರಿಂದ 173ರ ಒಳಗೇ ಇದೆ. ಸ್ಕೋರ್ ಮಾತ್ರ ತಕ್ಷಣ ಏರಲಿಲ್ಲ. ಮೇಲೆ ಬಿದ್ದ ಕೂಡಲೇ ಕೈ ಸೈಟ್ ಕಡೆ ಹೋಗುವ ಅಭ್ಯಾಸ ಬಿಡೋಕೆ ರೆಗ್ಯುಲೇಟರ್ ರಿಪೇರಿಗಿಂತ ಜಾಸ್ತಿ ದಿನ ಹಿಡಿಯಿತು. ಹೋದ ತಿಂಗಳು 617 ಬಂತು. ಕ್ರೋನೋಗ್ರಾಫ್ ಅಂಕಿಯನ್ನು ಈಗ ಸ್ಕೋರಿನ ಪಕ್ಕದಲ್ಲೇ ಬರೆದಿಡುತ್ತೇನೆ. ಸಿಲಿಂಡರಿನ ಮೇಲಿನ ತಾರೀಖೂ ನೋಡಿಕೊಂಡೆ. ಅವಧಿ ಮೀರದಂತೆ ನೋಡಿಕೊಳ್ಳುವ ಹೊಣೆ ಶೂಟರ್‌ದೇ, ನಂದು ಮುಂದಿನ ವರ್ಷ ಮುಗಿಯುತ್ತದೆ. ಅದಕ್ಕೆ ಈಗಿಂದಲೇ ದುಡ್ಡು ಎತ್ತಿಡಬೇಕು.