ಭಾನುವಾರ ಒಂದು ಗಂಟೆ ಕೊಡಿ: ಮನೆ ಸುತ್ತ ಸೊಳ್ಳೆ ಹುಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಮಳೆ ಹಿಡಿದರೆ ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಅಂಗಳಕ್ಕೆ ಬಿದ್ದ ಅಡಿಕೆ ಹಾಳೆಯಲ್ಲೂ ನೀರು ನಿಲ್ಲುತ್ತದೆ. ಅರಸೀಕೆರೆ, ಕಡೂರಿನ ಕಡೆ ಹಾಗಲ್ಲ. ನಲ್ಲಿ ನೀರನ್ನು ನಂಬುವಂತಿಲ್ಲ ಎಂದು ಜನ ಡ್ರಮ್ಮು, ತೊಟ್ಟಿ, ಕೊಡಗಳಲ್ಲಿ ತುಂಬಿಡುತ್ತಾರೆ. ಒಂದು ಕಡೆ ನೀರು ಜಾಸ್ತಿ, ಇನ್ನೊಂದು ಕಡೆ ನೀರಿಗೇ ಪರದಾಟ. ಡೆಂಗಿ ಮಾತ್ರ ಎರಡೂ ಕಡೆ ಬರುತ್ತದೆ. ಅದನ್ನು ಹರಡುವ ಈಡಿಸ್ ಸೊಳ್ಳೆಗೆ ಕೆರೆಯೂ ಬೇಡ, ಕೊಳಕು ಚರಂಡಿಯೂ ಬೇಡ. ಮನೆ ಹತ್ತಿರ ನಿಂತ ಒಂದು ಲೋಟ ತಿಳಿನೀರಿದ್ದರೆ ಸಾಕು.

ಹಾಗಾಗಿ ಸೊಳ್ಳೆ ಕಾಟ ತಪ್ಪಿಸುವ ಕೆಲಸ ಶುರುವಾಗಬೇಕಾದ್ದು ನಮ್ಮ ಅಂಗಳದಿಂದಲೇ. ವಾರಕ್ಕೆ ಒಂದು ದಿನ, ಒಂದು ಗಂಟೆ. ಭಾನುವಾರ ಅಂದರೆ ಮಕ್ಕಳೂ ಕೈಜೋಡಿಸುತ್ತಾರೆ. ವಾರಕ್ಕೊಮ್ಮೆಯೇ ಯಾಕೆ? ಬೆಚ್ಚಗಿನ ದಿನಗಳಲ್ಲಿ ಮೊಟ್ಟೆ ಒಡೆದು, ಮರಿಯಾಗಿ, ರೆಕ್ಕೆ ಬಂದು ಹಾರಲು ಏಳರಿಂದ ಹತ್ತು ದಿನ ಸಾಕು. ಹದಿನೈದು ದಿನಕ್ಕೊಮ್ಮೆ ನೋಡಿದರೆ ಅಷ್ಟರಲ್ಲಿ ಒಂದು ಹಿಂಡು ಹಾರಿಹೋಗಿರುತ್ತದೆ.

ಮೊದಲು ನೋಡುವುದನ್ನು ಕಲಿಯಿರಿ

ಒಂದು ಟಾರ್ಚು, ಒಂದು ಬಿಳಿ ತಟ್ಟೆ, ಪಾತ್ರೆ ಉಜ್ಜುವ ತೆಂಗಿನ ನಾರು. ಇಷ್ಟೇ ಸಾಮಾನು.

ಡ್ರಮ್ಮಿನ ಮುಚ್ಚಳ ಮೆಲ್ಲಗೆ ತೆಗೆದು ಟಾರ್ಚ್ ಬಿಡಿ. ಮರಿಗಳಿದ್ದರೆ ತಲೆ ಕೆಳಗಾಗಿ ನೀರಿನ ಮೇಲ್ಪದರಕ್ಕೆ ಜೋತುಬಿದ್ದಿರುತ್ತವೆ. ಬಾಲದ ತುದಿಯ ಕೊಳವೆಯಿಂದ ಉಸಿರಾಡುತ್ತವೆ. ನೆರಳು ಬಿದ್ದರೆ ಸಾಕು, ಮೈ ತಿರುಚುತ್ತಾ ತಳಕ್ಕೆ ಇಳಿದುಬಿಡುತ್ತವೆ. ಏನೂ ಇಲ್ಲ ಎಂದು ಅಷ್ಟಕ್ಕೇ ಎದ್ದು ಬರಬೇಡಿ. ಒಂದೆರಡು ನಿಮಿಷ ಅಲುಗದೆ ಕಾಯಿರಿ. ಉಸಿರಿಗಾಗಿ ಅವು ಮತ್ತೆ ಮೇಲೆ ಬರಲೇಬೇಕು. ಆಗ ಒಂದು ಲೋಟ ನೀರನ್ನು ಬಿಳಿ ತಟ್ಟೆಗೆ ಸುರಿದರೆ ಚಿಕ್ಕ ಮಕ್ಕಳಿಗೂ ಕಾಣುತ್ತದೆ. ಬಾಗಿದ ಮೈಯ, ತಲೆ ಕಡೆ ದಪ್ಪಗಿರುವ ಹುಳು ಕಂಡರೆ ಅದು ಕೋಶದ ಹಂತ. ಇನ್ನೆರಡು ದಿನದಲ್ಲಿ ಹಾರುತ್ತದೆ. ಮೇಲ್ಪದರಕ್ಕೆ ಒತ್ತಿಕೊಂಡು ಅಡ್ಡಡ್ಡ ಮಲಗಿರುವ ಮರಿ ಕಂಡರೆ ಅದು ಅನಾಫಿಲಿಸ್. ಮಲೇರಿಯಾ ಹರಡುವುದು ಆ ಜಾತಿ.

ಚೆಲ್ಲಿದರೆ ಸಾಲದು, ಉಜ್ಜಬೇಕು

ಹೆಚ್ಚಿನವರು ತಪ್ಪುವುದು ಇಲ್ಲೇ. ನೀರು ಚೆಲ್ಲಿ, ಮತ್ತೆ ತುಂಬಿ, ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ. ಕಪ್ಪಗೆ, ಎಳ್ಳಿಗಿಂತ ಎಷ್ಟೋ ಸಣ್ಣ. ಅಂಟಿಕೊಂಡ ಮೊಟ್ಟೆ ಬಿಸಿಲಿಗೆ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಬೇಸಿಗೆಯಿಡೀ ಖಾಲಿ ಬಿದ್ದ ಡ್ರಮ್ಮಿಗೆ ಜೂನ್‌ನಲ್ಲಿ ನೀರು ಬಿದ್ದಾಗ ಹಳೇ ಮೊಟ್ಟೆಗಳೇ ಒಡೆಯುತ್ತವೆ. ಅದಕ್ಕೇ ಒಳಗೋಡೆಯನ್ನು, ಅದರಲ್ಲೂ ನೀರು ನಿಂತ ಗುರುತಿನ ಸುತ್ತ, ನಾರು ಹಾಕಿ ತಿಕ್ಕಿ ತೊಳೆಯಬೇಕು. ಕೊಳೆ ನೀರನ್ನು ಚರಂಡಿಗಲ್ಲ, ಒಣ ಮಣ್ಣಿನ ಮೇಲೆ ಚೆಲ್ಲಿ. ಒಣಗಿಸಿ ಮಗುಚಿಡಿ.

ಈ ಉಪಾಯ ಹೊಸದೇನಲ್ಲ. ರೊನಾಲ್ಡ್ ರಾಸ್ ಎಂಬ ವೈದ್ಯ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಬಂಗಲೆಯಲ್ಲಿ ಸೊಳ್ಳೆ ವಿಪರೀತವಾಗಿತ್ತು. ಕಿಟಕಿಯಾಚೆ ಇಟ್ಟಿದ್ದ ನೀರಿನ ತೊಟ್ಟಿಯೇ ಕಾರಣ ಎಂದು ಕಂಡುಕೊಂಡು ಅದನ್ನು ಮಗುಚಿದರು, ಕಾಟ ತಗ್ಗಿತು. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣು ಕಂಡವರೂ ಅವರೇ. ಆ ಕೆಲಸಕ್ಕೆ 1902ರಲ್ಲಿ ನೊಬೆಲ್ ಬಂತು.

ಕ್ಯೂಬಾದ ಹವಾನಾ ನಗರದ ಕತೆ ಇನ್ನೂ ಹತ್ತಿರದ್ದು. ಅಲ್ಲಿ ಹಳದಿ ಜ್ವರ ಹರಡುತ್ತಿದ್ದದ್ದು ಇದೇ ಈಡಿಸ್ ಈಜಿಪ್ಟಿ. 1901ರಲ್ಲಿ ಅಮೆರಿಕದ ಸೇನಾ ವೈದ್ಯ ವಿಲಿಯಂ ಗೋರ್ಗಸ್ ಮನೆಮನೆಗೆ ಜನ ಕಳಿಸಿ ನೀರಿನ ತೊಟ್ಟಿ ಮುಚ್ಚಿಸಿದರು, ಮರಿ ಸಿಕ್ಕ ಮನೆಗೆ ದಂಡ ಹಾಕಿದರು. ತಿಂಗಳುಗಳಲ್ಲೇ ಜ್ವರ ನಿಂತಿತು. ಇದೇ ಕ್ರಮ ಪನಾಮಕ್ಕೂ ಹೋಯಿತು. ಫ್ರೆಂಚರು ಕಾಲುವೆ ತೋಡಲು ಹೋಗಿ, ಹಳದಿ ಜ್ವರ, ಮಲೇರಿಯಾಗಳಿಗೆ ಸಾವಿರಾರು ಜನರನ್ನು ಕಳೆದುಕೊಂಡು ಕೈಬಿಟ್ಟಿದ್ದ ಜಾಗ ಅದು. 1914ರಲ್ಲಿ ಕಾಲುವೆ ತೆರೆಯಿತು. ನಮ್ಮ ಬೀದಿಗೆ ಬಂದು ಡ್ರಮ್ಮಿಗೆ ಇಣುಕುವ ಆಶಾ ಕಾರ್ಯಕರ್ತೆ ಮಾಡುವುದೂ ಇದೇ ಕೆಲಸ. ದಯವಿಟ್ಟು ಅವರನ್ನು ಗೇಟಿನಲ್ಲೇ ನಿಲ್ಲಿಸಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ನಿಯಮ ತಂದಿದೆ.

ಈಗ ಒಂದು ಸುತ್ತು ಬನ್ನಿ

ಮನೆಯೊಳಗೆ ಫ್ರಿಜ್ಜಿನ ಹಿಂದಿನ ತಟ್ಟೆ, ಮನಿ ಪ್ಲಾಂಟ್ ಬಾಟಲಿ, ಹೂಕುಂಡದ ಅಡಿತಟ್ಟೆ. ಹೊರಗೆ ಹಳೇ ಒರಳುಕಲ್ಲು, ಕರಟ, ಕುಡಿದು ಬಿಸಾಕಿದ ಎಳನೀರು ಬುರುಡೆ, ಟೈರು. ಸೌದೆ ರಾಶಿಗೆ ಹೊದಿಸಿದ ಟಾರ್ಪಾಲಿನ ಮಡಿಕೆಗಳನ್ನು ಮರೆಯಲೇಬೇಡಿ. ಮಲೆನಾಡಿನಲ್ಲಿ ಪ್ರತಿ ಮನೆಯಲ್ಲೂ ಇರುವ, ಯಾರೂ ನೋಡದ ಜಾಗ ಅದು. ತೋಟದಲ್ಲಿ ಬಿದ್ದ ಹಾಳೆಗಳನ್ನು ಒಟ್ಟು ಮಾಡಿ ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಮರದ ಪೊಟರೆ, ಕಡಿದ ಬಿದಿರಿನ ಬುಡಕ್ಕೆ ಮರಳು ತುಂಬಿ. ಗಿಡಮರಗಳ ನಡುವೆಯೇ ಬದುಕುವ ಈಡಿಸ್ ಅಲ್ಬೊಪಿಕ್ಟಸ್ ಎಂಬ ಇನ್ನೊಂದು ಜಾತಿ ಇಂಥಲ್ಲೇ ಬೆಳೆಯುವುದು. ಡೆಂಗಿ, ಚಿಕೂನ್‌ಗುನ್ಯಾ ಎರಡನ್ನೂ ಅದು ಹರಡಬಲ್ಲದು. 2006ರಲ್ಲಿ ರಾಜ್ಯದಲ್ಲಿ ಚಿಕೂನ್‌ಗುನ್ಯಾ ಹಬ್ಬಿದಾಗ ಕೀಲುನೋವಿನಿಂದ ತಿಂಗಳುಗಟ್ಟಲೆ ನರಳಿದವರು ಇವತ್ತೂ ಅದನ್ನು ಮರೆತಿಲ್ಲ.

ಚೆಲ್ಲಲಾಗದ ನೀರಿಗೆ ಏನು ಮಾಡುವುದು? ಮೇಲಿನ ಟ್ಯಾಂಕಿಗೆ ಸರಿಯಾದ ಮುಚ್ಚಳ, ಗಾಳಿ ಕೊಳವೆಗೆ ಸಣ್ಣ ಜಾಲರಿ. ಡ್ರಮ್ಮಿಗೆ ಬಟ್ಟೆ ಬಿಗಿದು ಹಗ್ಗ ಕಟ್ಟಿ. ದನದ ತೊಟ್ಟಿ, ಬಳಸದ ಬಾವಿಗೆ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಡಬಹುದು. ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಆದರೆ ಹಳ್ಳಕ್ಕೆ, ಕೆರೆಗೆ ಬಿಡಬೇಡಿ. ನಮ್ಮ ಊರಿನ ಮೀನುಗಳಿಗೆ ಅದರಿಂದ ತೊಂದರೆ. ನಿಂತ ನೀರಿಗೆ ವೇಸ್ಟ್ ಆಯಿಲ್ ಸುರಿಯುವ ರೂಢಿಯೂ ಬೇಡ, ಅದು ಇಳಿಯುವುದು ನಮ್ಮದೇ ಬಾವಿಗೆ.

ಹೊಗೆ, ಕಾಯಿಲ್, ಫಾಗಿಂಗ್ ಬಗ್ಗೆ ಒಂದು ಮಾತು. ಫಾಗಿಂಗ್ ಆ ಹೊತ್ತಿಗೆ ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆ. ಡ್ರಮ್ಮಿನೊಳಗಿನ ಮರಿಗೆ ಏನೂ ಆಗುವುದಿಲ್ಲ. ಈಡಿಸ್ ಕಚ್ಚುವುದು ಹಗಲು, ಬೆಳಿಗ್ಗೆ ಮತ್ತು ಸಂಜೆ ಮುಂಚೆ ಜಾಸ್ತಿ. ಹಾಗಾಗಿ ಹಗಲು ಮಲಗುವ ಮಗುವಿಗೂ ಪರದೆ ಬೇಕು. ಅಂದಹಾಗೆ ಮಂಗನ ಕಾಯಿಲೆಗೆ ಸೊಳ್ಳೆ ಕಾರಣ ಅಲ್ಲ. ಅದು ಕಾಡಿನ ಉಣ್ಣೆಯಿಂದ ಬರುವುದು, ಅದರ ಎಚ್ಚರಿಕೆಯೇ ಬೇರೆ.

ಜ್ವರ ಬಂದರೆ

ಇದ್ದಕ್ಕಿದ್ದಂತೆ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಬಹುದು. ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಡೆಂಗಿಯಲ್ಲಿ ಅಪಾಯ ಕಾಣಿಸುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ. ಜ್ವರ ಬಿಟ್ಟಿತಲ್ಲ ಎಂದು ನಿರಾಳವಾಗಬೇಡಿ. ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಚಳಿಜ್ವರದ ಹೆದರಿಕೆಗೆ ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲವನ್ನು ಹಿರಿಯರು ಹೇಳುತ್ತಾರೆ. ದೇಶದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಮನೆಮನೆಗೆ ಡಿಡಿಟಿ ಹೊಡೆದ ಮೇಲೆ ಅದು ತಗ್ಗಿತು. ಹಾಗಂತ ಸುಮ್ನೆ ಕೂರುವಂತಿಲ್ಲ. ಜಗತ್ತಿನಲ್ಲಿ 2023ರಲ್ಲೂ ಸುಮಾರು 6 ಲಕ್ಷ ಜನ ಮಲೇರಿಯಾದಿಂದ ಸತ್ತಿದ್ದಾರೆ. ಕಾಫಿ ಕೊಯ್ಲಿಗೆ ದೂರದಿಂದ ಬಂದು ಲೈನ್ ಮನೆಯಲ್ಲಿರುವ ಕಾರ್ಮಿಕರಿಗೆ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ವೈವಾಕ್ಸ್ ಮಲೇರಿಯಾದ ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿ ಕೂತು ತಿಂಗಳುಗಳ ನಂತರವೂ ಏಳುತ್ತದೆ. ಅದಕ್ಕೆ 14 ದಿನದ ಮಾತ್ರೆ ಕೊಟ್ಟರೆ ಹದಿನಾಲ್ಕೂ ದಿನ ನುಂಗಬೇಕು. ಕೂಲಿ ತಪ್ಪೀತು ಎಂದು ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬರುವವರಿರುತ್ತಾರೆ. ತೋಟದ ಮಾಲೀಕರು ಆ ದಿನಗಳ ಕೂಲಿ ಕೊಟ್ಟು ರಜೆ ಕೊಡಿ.