180.01 ಡಿಗ್ರಿ ಬಂದ ದಿನ

ನಾನು ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕ. ಮೊದಮೊದಲು ಜಿಯೋಜೀಬ್ರಾ ಎಂಬ ಗಣಿತದ ಸಾಫ್ಟ್‌ವೇರನ್ನು, ಅಂದರೆ ಚಿತ್ರ ಬರೆದು ಮೌಸ್‌ನಿಂದ ಎಳೆದಾಡಬಹುದಾದ ತಂತ್ರಾಂಶವನ್ನು, ಪ್ರೊಜೆಕ್ಟರಿನಲ್ಲಿ ಸುಮ್ನೆ ತೋರಿಸುತ್ತಿದ್ದೆ. ಮೌಸ್ ಹಿಡಿಯುವವನೂ ನಾನೇ, ಉತ್ತರ ಹೇಳುವವನೂ ನಾನೇ. ಮಕ್ಕಳು ಖುಷಿಯಾಗಿ ನೋಡುತ್ತಿದ್ದರು. ಮರುದಿನ ಅದನ್ನೇ ಬೋರ್ಡ್ ಮೇಲೆ ಕೇಳಿದರೆ ಮೌನ.

ಆಮೇಲೆ ಕ್ರಮ ಬದಲಿಸಿದೆ. ಒಂದು ಕಂಪ್ಯೂಟರಿಗೆ ನಾಲ್ಕು ಮಕ್ಕಳು. ಮೊದಲು ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಆಮೇಲೆ ಮೌಸ್. ಒಂಬತ್ತನೇ ತರಗತಿಯ ವೃತ್ತದ ಪಾಠದಲ್ಲಿ ಇದು ಚೆನ್ನಾಗಿ ನಡೆಯಿತು. ಒಂದು ಜ್ಯಾ (ವೃತ್ತದ ಎರಡು ಬಿಂದುಗಳನ್ನು ಸೇರಿಸುವ ಗೆರೆ), ವೃತ್ತದ ಮೇಲೊಂದು ಬಿಂದು, ಜ್ಯಾದ ಎರಡು ತುದಿಗಳನ್ನು ಅದಕ್ಕೆ ಸೇರಿಸಿದರೆ ಅಲ್ಲಿ 50 ಡಿಗ್ರಿ ಕೋನ. ಬಿಂದು ಜ್ಯಾದ ಹತ್ತಿರ ಬಂದರೆ ಕೋನ ಜಾಸ್ತಿಯಾಗುತ್ತದೆ ಎಂದು ಬಹಳ ಮಕ್ಕಳು ಬರೆದಿದ್ದರು. ಎಳೆದರು, 50 ಅಲುಗಲಿಲ್ಲ. ಜ್ಯಾದ ಆಚೆ ದಾಟಿದ ತಕ್ಷಣ 130! ಎರಡನ್ನೂ ಕೂಡಿಸಿ ನೋಡಿದವರು ಅವರೇ, ನಾನು ಹೇಳಿರಲಿಲ್ಲ. ಕೋನದ ಸೆಟ್ಟಿಂಗನ್ನು ಮೊದಲೇ 0ರಿಂದ 180ಕ್ಕೆ ಇಟ್ಟುಕೊಳ್ಳಿ. ಇಲ್ಲದಿದ್ದರೆ 130ರ ಬದಲು 230 ತೋರಿಸಿ ಮಕ್ಕಳಿಗೆ ಗೊಂದಲವಾಗುತ್ತದೆ.

ಇನ್ನೊಂದು ದಿನ ತ್ರಿಭುಜದ ಕೋನಗಳು. ಒಬ್ಬ ಹುಡುಗಿ ಕೂಗಿದಳು, "ಸರ್, ನಮ್ಮದು 180.01 ಬರ್ತಿದೆ!" ಹೋಗಿ ನೋಡಿದೆ. 52.34, 61.24, 66.43. ಕೂಡಿದರೆ ನಿಜವಾಗಿ 180.01. ಪ್ರತಿ ಕೋನವನ್ನೂ ಎರಡು ದಶಮಾಂಶಕ್ಕೆ ಸರಿಹೊಂದಿಸಿ ತೋರಿಸುವುದರಿಂದ ಹೀಗಾಗುತ್ತದೆ. ದಶಮಾಂಶ ಸ್ಥಾನ ಹೆಚ್ಚಿಸಿದರೂ ಕೊನೆಯ ಅಂಕಿಯಲ್ಲಿ ಅದೇ ಕಥೆ ಆಗಬಹುದು. "ಹಾಗಾದರೆ 180 ಅಂತ ಹೇಗೆ ನಂಬೋದು ಸರ್?" ಇಷ್ಟು ವರ್ಷ ನಾನು ಕಾಯುತ್ತಿದ್ದ ಪ್ರಶ್ನೆ ಅದು. ಕಂಪ್ಯೂಟರ್ ಬಿಟ್ಟು ಬೋರ್ಡಿಗೆ ಬಂದೆವು. ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆದು ಪರ್ಯಾಯ ಕೋನಗಳನ್ನು ಗುರುತಿಸಿದೆವು. ಅಂದು ಪ್ರಮೇಯದ ಸಾಧನೆಯನ್ನು (ಅದು ಏಕೆ ನಿಜ ಎಂಬ ತರ್ಕವನ್ನು) ಯಾರೂ ಉರು ಹೊಡೆಯಲಿಲ್ಲ. ಅದು ಅವರಿಗೆ ಬೇಕಾಗಿತ್ತು.

ವಿಜ್ಞಾನದಲ್ಲಿ ಮಾತ್ರ ಕಂಪ್ಯೂಟರನ್ನು ಎರಡನೆಯದಾಗಿ ಇಡುತ್ತೇನೆ. ಓಮ್‌ನ ನಿಯಮಕ್ಕೆ (ವೋಲ್ಟೇಜ್ ಏರಿದ ಅನುಪಾತದಲ್ಲೇ ಕರೆಂಟ್ ಏರುತ್ತದೆ, ಗ್ರಾಫ್ ನೇರ ಗೆರೆ) ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನಲ್ಲಿ ಮಾಡುವ ಅಣಕು ಪ್ರಯೋಗ, ಬಳಸುತ್ತೇನೆ. ಅದರಲ್ಲಿ 4.5 ವೋಲ್ಟ್, 500 ಓಮ್ ಇಟ್ಟರೆ 9 ಮಿಲಿಆಂಪಿಯರ್. ವೋಲ್ಟೇಜ್ 9 ಮಾಡಿದರೆ ಸರಿಯಾಗಿ 18. ಇದನ್ನು ಮೊದಲು ತೋರಿಸಿದ ವರ್ಷ, ನೈಕ್ರೋಮ್ ತಂತಿ ಮತ್ತು ಸೆಲ್ ಇಟ್ಟು ಮಾಡಿದಾಗ ಬಂದ ರೀಡಿಂಗನ್ನು ಮಕ್ಕಳು ಅಳಿಸಿ, ನೇರ ಗೆರೆಗೆ ಹೊಂದುವ ಅಂಕಿ ಬರೆದುಬಿಟ್ಟರು. ನನಗೆ ಬಹಳ ಬೇಜಾರಾಯಿತು. ಈಗ ಮೊದಲು ತಂತಿ, ಅವರದೇ ಅಂಕಿ, ಅವರದೇ ಗ್ರಾಫ್. ಆಮೇಲೆ ಸಿಮ್ಯುಲೇಶನ್. ಎರಡು ಗ್ರಾಫನ್ನೂ ಅಕ್ಕಪಕ್ಕ ಇಟ್ಟು, ತಂತಿ ಬಿಸಿಯಾದದ್ದಕ್ಕೋ, ಕನೆಕ್ಷನ್ ಸಡಿಲವಿದ್ದದ್ದಕ್ಕೋ ವ್ಯತ್ಯಾಸ ಬಂತು ಅಂತ ಅವರೇ ವಾದ ಮಾಡುತ್ತಾರೆ. ಆ ವಾದಕ್ಕೆ ಒಂದು ಪೂರ್ತಿ ಪೀರಿಯಡ್ ಬಿಟ್ಟುಕೊಡುತ್ತೇನೆ.